ನಸ್ರೀನ್ ಭೂಮಿ ನೋಡಿದ್ದು

ಕಿಟಕಿಯ ಮುಂದೆ ಕುಳಿತರೆ ನನಗೆ ಬೀದಿ, ಮರ, ಪಕ್ಕದ ಮನೆಯ ಬೆಕ್ಕು ಎಲ್ಲವೂ ಕಾಣುತ್ತವೆ. ಗಾಜು ಮಾತ್ರ ಕಾಣುವುದಿಲ್ಲ. ನಮ್ಮ ಮನೆಯ ಗಾಜುಗಳು ಹೀಗೆ ಧೂಳು ಹಿಡಿದಿರುವುದು ಅದಕ್ಕೇ ಎಂದು ನನ್ನವರು ಹೇಳುತ್ತಾರೆ. ಈ ಪರದೇಶದ ಕಡಲೂರು ರೆಡೊಂಡೊ ಬೀಚಿನಲ್ಲಿ ನಮ್ಮ ನೆರೆಯವಳಾದ ನಸ್ರೀನ್ ಇದಕ್ಕೆ ತದ್ವಿರುದ್ಧ. ಮೈಸೂರಿನ ಈ ಗೆಳತಿಯ ಉದ್ಯೋಗವೇ ಗಾಜು ನೋಡುವುದು. ಚಂದ್ರನನ್ನು ಸುತ್ತಿ ಬರಲು ಹೊರಟ ನೌಕೆಯ ಕಿಟಕಿಯೊಂದರ ಗಾಜನ್ನು ತಿಂಗಳುಗಟ್ಟಲೆ ಪರೀಕ್ಷಿಸಿದವಳು ಅವಳು.

ಗಗನಯಾತ್ರಿಗಳು ಚಂದ್ರನ ಆಚೆಗೆ ಹೋಗಿ ಭೂಮಿಯನ್ನು ನೋಡುವ ದಿನ ಅವಳ ಮನೆಯಲ್ಲೇ ಸೇರಿದೆವು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ.

“ತಿನ್ನೇ, ಗಾಜು ಒಡೆಯಲ್ಲ,” ಎಂದೆ.

“ಒಡೆಯಲ್ಲ ಅಂತ ನಂಗೂ ಗೊತ್ತು ಕಣೇ. ಅಷ್ಟು ದೂರ ಹೋಗಿ ಅವ್ರಿಗೆ ಮಸುಕು ಮಸುಕಾಗಿ ಕಂಡ್ರೆ?”

ಅಷ್ಟರಲ್ಲಿ ಟೀವಿಯಲ್ಲಿ ಆ ಕಿಟಕಿಯಿಂದ ತೆಗೆದ ಚಿತ್ರ ಬಂತು. ಬೂದು ಚಂದ್ರನ ಅಂಚಿನಾಚೆ ಬಿದಿಗೆ ಚಂದ್ರನಂತೆ ಬಾಗಿದ ನೀಲಿ ಭೂಮಿ. “ಅಮ್ಮ, ಇಟ್ಸ್ ಸೋ ಟೈನಿ,” ಎಂದಳು ನನ್ನ ಮಗಳು. ಚೌತಿಯ ಚಂದ್ರನನ್ನು ನೋಡಲೇಬಾರದೆಂದು ಬೆಳೆದವಳು ನಾನು. ಈದ್ ಚಂದ್ರನನ್ನು ನೋಡಲೇಬೇಕೆಂದು ತಾರಸಿ ಹತ್ತಿದವಳು ನಸ್ರೀನ್. ಭೂಮಿಯೇ ಹೀಗೆ ಕಂಡರೆ ಏನು ಮಾಡಬೇಕೆಂದು ಇಬ್ಬರ ಮನೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಸುಮ್ಮನೆ ಅತ್ತೆ.

ನಸ್ರೀನ್ ಮಾತ್ರ ಎದ್ದು ಹೋಗಿ ಟೀವಿಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಮೂಲೆಯಿಂದ ಮೂಲೆಗೆ ಕಣ್ಣಾಡಿಸಿದಳು. ಕಲೆಯಿಲ್ಲ, ಮಂಜಿಲ್ಲ. “ಕ್ಲಿಯರಾಗಿದೆ,” ಎಂದು ಉಸಿರುಬಿಟ್ಟು ಕುಳಿತಳು. ಆಮೇಲೆ ಮೆಲ್ಲಗೆ ಕೇಳಿದಳು: “ಇನ್ನೊಂದ್ಸಲ ತೋರಿಸ್ತಾರಾ? ನಾನು ಭೂಮಿ ನೋಡ್ಲೇ ಇಲ್ಲ.”

ಪುಣ್ಯಕ್ಕೆ ಮತ್ತೆ ತೋರಿಸಿದರು. ಈ ಸಲ ಅವಳು ನೋಡಿದಳು. ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ, ನಾನು ತಂದಿದ್ದ ಚಿತ್ರಾನ್ನವನ್ನು ಪಾತ್ರೆಯಿಂದಲೇ ತಿನ್ನುತ್ತಾ ನೋಡಿದಳು.

ಗಗನಯಾತ್ರಿಗಳು ಹಿಂತಿರುಗಿ ಸ್ಯಾನ್ ಡಿಯಾಗೋ ಬಳಿಯ ಕಡಲಿಗೆ ಇಳಿಯುವ ದಿನ ನಾವಿಬ್ಬರೂ ಅಲ್ಲಿನ ಡೆಲ್ ಮಾರ್ ತೀರದವರೆಗೆ ಡ್ರೈವ್ ಮಾಡಿದೆವು. ದಡದಿಂದ ಏನೂ ಕಾಣಲಿಲ್ಲ. ಎಲ್ಲರೂ ಕ್ಷೇಮವೆಂದು ಫೋನೇ ಹೇಳಿತು. ನಸ್ರೀನ್ ಚಪ್ಪಲಿ ಬಿಟ್ಟು, ಸಲ್ವಾರ್ ನೆನೆಯುವುದನ್ನೂ ಲೆಕ್ಕಿಸದೆ ನೀರಿಗಿಳಿದಳು. “ಬಾರೇ, ಅವ್ರು ಇಳಿದಿದ್ದೂ ಇದೇ ನೀರಿಗೆ,” ಎಂದು ಕರೆದಳು.

ನಾನೂ ಇಳಿದೆ. ಚಂದ್ರನ ಬಳಿಯಿಂದ ನೋಡಿದವರಿಗೆ ಭೂಮಿ ಹೆಬ್ಬೆರಳ ಮರೆಯಲ್ಲಿ ಅಡಗುವಷ್ಟಿತ್ತೇನೋ. ನನ್ನ ಕಾಲ ಕೆಳಗೆ ಅದು ತಣ್ಣಗೆ, ಒದ್ದೆಯಾಗಿ, ಇಬ್ಬರು ನಿಲ್ಲಲು ಸಾಕಾಗಿ ಇನ್ನೂ ಬೇಕಾದಷ್ಟು ಮಿಕ್ಕಿತ್ತು.