ಮೇಡಂ ಕೇಳಿದ ತಪ್ಪು

ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಜಾಂಬೋಟಿಯ ನೀರು ತುಂಬಿದ ಗದ್ದೆಯಲ್ಲಿ ನಿಂತಿರುತ್ತಿದ್ದ ನಮ್ಮ ಮೇಡಂ ಕೈಯಲ್ಲಿ ಭತ್ತದ ಸಸಿ ಇರುತ್ತಿರಲಿಲ್ಲ, ಕೋಲಿಗೆ ಕಟ್ಟಿದ ಆಂಟೆನಾ ಇರುತ್ತಿತ್ತು. ನಾಟಿ ಮಾಡುವ ಹೆಂಗಸರಿಗೆ ನಗುವೋ ನಗು. "ಬಾಯಾರ, ಟೀವಿ ಹತ್ತಿತೇನ್ರಿ?" ಎಂದು ಒಬ್ಬಳು ಕೇಳಿದರೆ, "ಹತ್ತಿದ ಕೂಡ್ಲೇ ನಿನ್ನs ಮೊದಲ ಕರೀತೀನಿ ಬಿಡವ್ವಾ" ಎನ್ನುತ್ತಿದ್ದರು.

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ನನಗೆ ಪಾಠ ಹೇಳಿದವರು. ಉಪಗ್ರಹದ ಸಂಕೇತ ಸಮುದ್ರದ ನೀರಿಗೆ ಬಡಿದು ಪುಟಿದರೆ, ದೋಣಿ ಇರುವುದೊಂದು ಕಡೆ, ಪರದೆಯಲ್ಲಿ ಕಾಣುವುದು ಇನ್ನೊಂದು ಕಡೆ. ಆ ವ್ಯತ್ಯಾಸ ತಿದ್ದುವುದೇ ಅವರ ಹುಚ್ಚು. ಬೆಳಗಾವಿಗೆ ಸಮುದ್ರ ಎಲ್ಲಿಂದ ತರಬೇಕು? "ನೀರು ಎಲ್ಲಿದ್ರೂ ನೀರs ಅಲ್ಲೇನು?" ಎಂದು ನಮ್ಮನ್ನೆಲ್ಲ ಕೆಸರಿಗೆ ಇಳಿಸಿದರು ಮಾರಾಯ್ತಿ!

ತಾಯಿಯಿಲ್ಲದ ತಮ್ಮನನ್ನು ಖಾನಾಪುರದ ಮನೆಯಲ್ಲಿ ಅವರೇ ಸಾಕಿದ್ದರು. ಅವನು ಗೋವಾದ ಮೀನುದೋಣಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ದೋಣಿ ಎಲ್ಲಿದೆಯೆಂದು ದಂಡೆಗೆ ತಿಳಿಸಲು ನಾವು ಮಾಡಿದ ಮೊದಲ ಯಂತ್ರ ಆ ದೋಣಿಗೇ ಹೋಯಿತು. "ಅಕ್ಕಾ, ಇನ್ನ ಕದ್ದು ಬೀಡಿ ಸೇದಾಕೂ ಆಗೂದಿಲ್ಲ ನೋಡು" ಎಂದು ಫೋನಿನಲ್ಲಿ ನಗುತ್ತಿದ್ದ.

ಗಾಳಿ ಎದ್ದ ಒಂದು ದಿನ ಆ ದೋಣಿ ಮರಳಲಿಲ್ಲ. ಯಂತ್ರ ಕಳಿಸಿದ ಕೊನೆಯ ಜಾಗ ನಡುಸಮುದ್ರದಲ್ಲಿತ್ತು. ಹುಡುಕಲು ಹೋದವರಿಗೆ ಅಲ್ಲಿ ನೀರು ಬಿಟ್ಟು ಏನೂ ಸಿಗಲಿಲ್ಲ.

ಮೇಡಂ ನನ್ನನ್ನು ಖಾನಾಪುರಕ್ಕೆ ಕರೆಸಿ ಲ್ಯಾಪ್‌ಟಾಪ್ ಮುಂದಿಟ್ಟರು. "ಎಲ್ಲೋ ತಪ್ಪು ಮಾಡೇನಿ ನೋಡೋ. ಅಷ್ಟು ದೂರ ಹೋಗಿರೂದಿಲ್ಲ ಅಂವ. ದಂಡಿ ಸಮೀಪ ಇದ್ರ ಈಸಿ ಬಂದಿರ್ತಾನ. ನನ್ನ ತಪ್ಪು ಹುಡುಕಿ ಕೊಡೋ."

ಅಯ್ಯೋ ದೇವರೇ, ಎಷ್ಟು ಹುಡುಕಿದೆ! ಅಲೆಯ ಓಲಾಟ, ಗಡಿಯಾರದ ವ್ಯತ್ಯಾಸ, ನೀರಿನಿಂದ ಪುಟಿದ ಸಂಕೇತ, ಎಲ್ಲವನ್ನೂ ಅವರೇ ಮೊದಲು ತಿದ್ದಿಟ್ಟಿದ್ದರು. ಒಂದು ಮಾರಿನಷ್ಟೂ ತಪ್ಪಿರಲಿಲ್ಲ.

"ಸಿಕ್ತೇನೋ?"

"ಇಲ್ಲರೀ ಮೇಡಂ."

"ಬರೋಬರಿ ನೋಡಿದಿ?"

"ನೋಡೇನ್ರಿ. ಎಲ್ಲಾ ಸರಿ ಐತ್ರಿ."

ಮೇಡಂ, "ಹಂಗಾರ ಭಾಳ ಛಲೋ ಮಾಡೇನಿ" ಎಂದು ಲ್ಯಾಪ್‌ಟಾಪ್ ಮುಚ್ಚಿದರು. ನಾನು ಅತ್ತುಬಿಟ್ಟೆ, ಅವರು ಅಳಲಿಲ್ಲ. ಮುಂದಿನ ವರ್ಷ ಅವರೂ ತೀರಿಕೊಂಡರು.

ಅವರು ಕಲಿಸಿದ ಲೆಕ್ಕವೇ ಇವತ್ತು ನನಗೆ ಅನ್ನ ಹಾಕುತ್ತಿದೆ. ದೋಣಿಗಳಿಗೆ ಯಂತ್ರ ಕೂರಿಸುವಾಗ, ಇದು ಖರೇ ಜಾಗ ತೋರಿಸುತ್ತದೆಯೇ ಎಂದು ಮೀನುಗಾರರ ಮನೆಯವರು ಕೇಳುತ್ತಾರೆ. ತೋರಿಸುತ್ತದೆ ಎನ್ನುತ್ತೇನೆ.