ಮೆರೂನ್ ಉಣ್ಣೆಯ ಉಂಡೆ

ಟ್ರಂಕು ತೆರೆದೊಡನೆ ಡಾಂಬರು ಗುಳಿಗೆಯ ವಾಸನೆ. ಸೀರೆಗಳ ಅಡಿಯಲ್ಲಿ ಮೆರೂನ್ ಉಣ್ಣೆಯ ಉಂಡೆ. ಹೆಣೆದು ಬಿಚ್ಚಿದ ಉಣ್ಣೆ. ಇಷ್ಟು ವರ್ಷವಾದರೂ ಸುರುಳಿ ಬಿಟ್ಟಿಲ್ಲ. ಓಝರಿನ ಕಾಕಾ ನೆನಪಾದರು...

ಎಂಬತ್ತರ ದಶಕದ ಕೊನೆ. ಅಪ್ಪ ಮತ್ತು ಕಾಕಾ ನಾಶಿಕದ ಬಳಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿದ್ದರು. ನಾವು ಧಾರವಾಡದವರು, ಅವರು ಬಿಜಾಪುರದವರು. ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ. ಭಾನುವಾರ ಬಂತೆಂದರೆ ಕಾಕಾ ಸಟಾಣಾ ಕಡೆಯ ಕೋಟೆ ಹತ್ತಲು ಹೊರಡುವವರು. ಒಮ್ಮೊಮ್ಮೆ ನಮ್ಮನ್ನೂ ಕರೆದೊಯ್ಯುತ್ತಿದ್ದರು. "ಗಾಳಿ ಜೋರಾತಂದ್ರ ಗುಡ್ಡದ ಬೆನ್ನಮ್ಯಾಲ ನಿಂದರಬ್ಯಾಡ್ರಿ. ಕೊರಕಲು ಹಿಡೀರಿ, ಅದು ತಾಯಿ ಮಡಿಲಿದ್ದಂಗ" ಎನ್ನುತ್ತಿದ್ದರು. ಮಳೆಗಾಲ ಬಿಟ್ಟರೆ ನಮ್ಮ ಗುಡ್ಡಗಳಲ್ಲಿ ಆ ಮಾತು ಎಂದೂ ಸುಳ್ಳಾಗಲಿಲ್ಲ.

ಅವರ ಆಸೆಯೆಲ್ಲ ಹಿಮಾಲಯದ್ದು. "ದೂರದ ಬೆಟ್ಟ ಕಣ್ಣಿಗೆ ನುಣ್ಣಗ. ಹೋಗಿ ನೋಡ್ರಿ, ಗೊತ್ತಾಗತದ" ಎಂದು ಅವರ ಹೆಂಡತಿ ಕಾಕೂ ಛೇಡಿಸುತ್ತಿದ್ದರು. ಕೊನೆಗೊಮ್ಮೆ ಕಾಕಾ ಹೊರಟಾಗ ಹಾಗೆನ್ನುತ್ತಲೇ ಮೆರೂನ್ ಸ್ವೆಟರ್ ಹೆಣೆದರು, ಶೇಂಗಾ ಹೋಳಿಗೆ ಕಟ್ಟಿಕೊಟ್ಟರು. ಹತ್ತುವಾಗ ಬೆವರುತ್ತದೆಂದು ಮೈಮೇಲಿನದನ್ನೆಲ್ಲ ಕಳಚುವುದು ಕಾಕಾರ ಚಟ. "ಇದನ್ನ ಮಾತ್ರ ತಗೀಬ್ಯಾಡ್ರಿ ಮತ್ತ" ಎಂದರು ಕಾಕೂ. ಕಾಕಾ ನಕ್ಕರು.

ಅವರು ಮರಳಲಿಲ್ಲ. ಜೊತೆಗೆ ಹೋಗಿದ್ದ ಗೆಳೆಯರೊಬ್ಬರು ಬಂದು ನಡೆದದ್ದನ್ನು ಹೇಳಿದರು. ಹಿಂದಿನ ದಿನ ಹೊಸ ಹಿಮ ಬಿದ್ದಿತ್ತು. ಹಳೆಯ ಗಟ್ಟಿ ಹಿಮಕ್ಕೆ ಅದಿನ್ನೂ ಕಚ್ಚಿಕೊಂಡಿರಲಿಲ್ಲ. ಜಾರಿದ್ದೆಲ್ಲ ಕೊರಕಲಿಗೇ ಬರುತ್ತದೆ, ಬೆನ್ನಿನ ಮೇಲೇ ನಡೆಯಿರಿ ಎಂದು ಅಲ್ಲಿಯ ಗೈಡ್ ಎಚ್ಚರಿಸಿದ್ದ. ಆದರೆ ಅಲ್ಲಿ ಗಾಳಿ ನಿಲ್ಲಗೊಡಲಿಲ್ಲ. "ನಾ ಮುಂದ ಹೋಗಿ ನೋಡತೀನಿ" ಎಂದು ಕಾಕಾ ಚೀಲ ಅಲ್ಲೇ ಇಳಿಸಿ ಕೊರಕಲಿಗೆ ಇಳಿದರು. ಮೇಲಿನ ಹಿಮ ಒಮ್ಮೆಲೇ ಕಳಚಿ ಬಂತು... ಅಂಚಿನಲ್ಲಿದ್ದವರು ಉಳಿದರು. ಕಾಕಾರ ದೇಹವೂ ಸಿಗಲಿಲ್ಲ.

"ಸ್ವೆಟರ್ ಹಾಕ್ಕೊಂಡಿದ್ರೇನ್ರಿ?" ಎಂದಷ್ಟೇ ಕೇಳಿದರು ಕಾಕೂ.

ಗೆಳೆಯರು ತಲೆ ತಗ್ಗಿಸಿದರು. "ಹೂಂ ವೈನಿ, ಹಾಕ್ಕೊಂಡಿದ್ರು."

ಅವರು ತಂದಿಟ್ಟ ಕಾಕಾರ ಚೀಲವನ್ನು ಕಾಕೂ ಮರುದಿನ ತೆರೆದರು. ನಾನು ಪಕ್ಕದಲ್ಲಿದ್ದೆ. ಮೇಲೆಯೇ ಇತ್ತು, ಮಡಿಸಿಟ್ಟ ಸ್ವೆಟರ್. ಅದೇನು ಅವರ ಜೀವ ಉಳಿಸುತ್ತಿರಲಿಲ್ಲ, ಕಾಕೂಗೂ ಅದು ಗೊತ್ತಿತ್ತು. ಆದರೂ ಸೆರಗು ಬಾಯಿಗೊತ್ತಿಕೊಂಡು ಅತ್ತರು. ಆಮೇಲೆ ಎಳೆ ಹಿಡಿದು ಬಿಚ್ಚತೊಡಗಿದರು. ನಾನು ಉಂಡೆ ಸುತ್ತಿದೆ. "ನೀ ಇಟ್ಕೋವಾ. ನಾ ಇದನ್ನ ನೋಡಿದ್ದು ಅವರಿಗೆ ಹೇಳಬ್ಯಾಡ... ಪಾಪ, ನನ್ನ ಸಲುವಾಗಿ ಸುಳ್ಳು ಹೇಳ್ಯಾರ" ಎಂದರು.

ನಾನು ಹೇಳಲಿಲ್ಲ. ಆ ಗೆಳೆಯರೂ ಈಗಿಲ್ಲ, ಕಾಕೂ ಹೋಗಿಯೂ ವರ್ಷಗಳಾದವು. ಇವತ್ತು ಮೊಮ್ಮಗಳಿಗೊಂದು ಟೋಪಿ ಹೆಣೆಯೋಣವೆಂದು ಎಳೆಯ ತುದಿ ಹುಡುಕಿದೆ. ಕೈ ಬರಲಿಲ್ಲ. ಉಂಡೆಯನ್ನು ಹಾಗೇ ಟ್ರಂಕಿಗಿಟ್ಟು ಶಾಲು ಹೊದ್ದೆ. ನಾಶಿಕದಲ್ಲೂ ಈ ಬೆಳಗ್ಗೆ ಚಳಿ. ಕಾಕಾ ಇನ್ನೂ ಆ ಹಿಮದಲ್ಲೇ ಇದ್ದಾರೆ, ಸ್ವೆಟರಿಲ್ಲದೆ.