ಉಪ್ಪು ಹಾಕಿದ ಹವಳ

ಮೊನ್ನೆ ಮೊಣಕಾಲಿನ ಎಕ್ಸ್‌ರೇ ತೆಗೆಸಿಕೊಂಡು ಬಂದೆ. ಕವರಿನಿಂದ ಫಿಲ್ಮ್ ಎಳೆದಾಗ ಬಂದ ವಾಸನೆಗೆ ಮೊಣಕಾಲೇ ಮರೆತುಹೋಯಿತು. ನನಗೆ ಪಿಎಚ್‌.ಡಿ. ಮಾಡಿಸಲು ಹೊರಟಿದ್ದ ಮೇಷ್ಟ್ರು ನೆನಪಾದರು... ಜೊತೆಗೆ ಹಳೆಯ ಸಿಟ್ಟೂ.

ಎಂಬತ್ತರ ದಶಕದ ಆರಂಭ. ಬಲ್ಮಠದ ಕಾಲೇಜಿನ ಹಿಂಬದಿಯ ಲ್ಯಾಬಿನಲ್ಲಿ ಅವರು ಮೃದು ಹವಳದ ಬೆನ್ನು ಬಿದ್ದಿದ್ದರು. ಕಲ್ಲಾಗದ, ರಬ್ಬರಿನಂತೆ ಮೆತ್ತಗಿನ ಹವಳ ಅದು. ಟ್ರಾಲ್ ಬೋಟಿನ ಬಲೆಗೆ ಮೀನಿನ ಜೊತೆ ಬರುತ್ತಿತ್ತು. ಪ್ರೋಟೀನು ಅರಗಿಸುವ ಕಿಣ್ವವನ್ನು ತಡೆಯುವ ಏನೋ ಅದರ ಮೈಯಲ್ಲಿದೆ ಎಂಬುದು ಅವರ ಗುಮಾನಿ. ಪರೀಕ್ಷೆ ಸುಲಭ. ಆಸ್ಪತ್ರೆಯವರು ಬಿಸಾಡಿದ ಎಕ್ಸ್‌ರೇ ಫಿಲ್ಮಿನ ಮೇಲೆ ಕಿಣ್ವದ ಹನಿ ಬಿಟ್ಟರೆ ಅದರ ಪ್ರೋಟೀನಿನ ಕಪ್ಪು ಲೇಪ ಕರಗುತ್ತದೆ. ಹವಳದ ಸಾರ ಬೆರೆಸಿದರೆ ಕರಗಬಾರದು. ಮೊದಲ ಸಲವೇ ಕರಗಲಿಲ್ಲ. ನಾನು ಕುಣಿಯುವುದೊಂದು ಬಾಕಿ.

"ಬೇರೆ ಹವಳ ತಂದು ಇನ್ನೊಮ್ಮೆ ನೋಡುವ ಮಾರಾಯ್ತಿ. ಆಮೇಲೆ ಬರೆಯುವ," ಎಂದರು.

ಮೀನು ಇಳಿಸುವ ಧಕ್ಕೆಯ ಬ್ಯಾರಿ ಸಾಹುಕಾರರೊಬ್ಬರು ತಮ್ಮ ಬೋಟಿನಲ್ಲಿ ತರಿಸಿಕೊಡಲು ಒಪ್ಪಿದರು. ಮಳೆಗಾಲಕ್ಕೆ ಬೋಟುಗಳೆಲ್ಲ ದಡ ಸೇರುವ ಹೊತ್ತಿಗೆ ಒಂದು ಗೋಣಿ ಹೊರಿಸಿಕೊಂಡು ಬಂದರು.

"ಕೊಳೆಯುವುದು ಬೇಡ ಅಂತ ಉಪ್ಪು ಹಾಕಿ ಒಣಗಿಸಿದ್ದೇನೆ ಸರ್. ಚೆನ್ನಾಗಿ ಉಂಟಲ್ಲ?"

ಥೇಟ್ ಒಣಮೀನಿನ ಹಾಗೆ. ನಾನು ಹಣೆ ಚಚ್ಚಿಕೊಂಡೆ. ಮೇಷ್ಟ್ರು ಅವರಿಗೆ ಚಹಾ ತರಿಸಿ ಉಪಕಾರ ಸ್ಮರಿಸಿದರು. ಅಷ್ಟಕ್ಕೇ ಬಿಡದೆ, ಪಾಪ, ಕಷ್ಟಪಟ್ಟು ತಂದಿದ್ದಾರೆಂದು ಅದನ್ನೇ ಪರೀಕ್ಷೆಗೂ ಇಟ್ಟರು. ಲೇಪ ಕರಗಲಿಲ್ಲ. ಬರೀ ಉಪ್ಪುನೀರು ಬೆರೆಸಿದ ಕಡೆಯೂ ಕರಗಲಿಲ್ಲ. ತಡೆದದ್ದು ಹವಳವೋ ಉಪ್ಪೋ ಹೇಳುವಂತಿರಲಿಲ್ಲ. ಇನ್ನು ತಾಜಾ ಹವಳಕ್ಕೆ ಮಳೆ ಮುಗಿಯುವ ತನಕ ಕಾಯಬೇಕು. ಮೊದಲಿನ ಫಲಿತಾಂಶವನ್ನಾದರೂ ವಿಜ್ಞಾನ ಪತ್ರಿಕೆಗೆ ಕಳಿಸೋಣ ಎಂದು ಗೋಗರೆದೆ. ಒಂದೇ ಸಲ ಆದದ್ದು ಆದ ಲೆಕ್ಕವಲ್ಲ ಎಂದರು. ಎಂಥ ಹಠವಪ್ಪಾ ಅದು...

ಆ ಮಳೆಗಾಲದಲ್ಲೇ ಲೈಬ್ರರಿಗೆ ಬಂದ ವಿದೇಶಿ ಪತ್ರಿಕೆಯಲ್ಲಿ ನಮ್ಮದೇ ಜಾತಿಯ ಹವಳ, ನಮ್ಮದೇ ಕಿಣ್ವ, ಬೇರೆ ಯಾರದೋ ಹೆಸರು. ನನ್ನ ಪ್ರಬಂಧ ನೀರುಪಾಲಾಯಿತು. ಪತ್ರಿಕೆಯನ್ನು ಅವರ ಮುಂದೆ ಹಿಡಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ಮುಖ ಅರಳಿತು.

"ನೋಡು, ನಮ್ಮದು ಸುಳ್ಳಲ್ಲ ಅಂತ ಆಯ್ತಲ್ಲ."

ಬಾಗಿಲು ಧಡಾರನೆ ಹಾಕಿ ಮನೆಗೆ ಹೋಗುವ ಪಡೀಲಿನ ಬಸ್ಸು ಹತ್ತಿದೆ. ಮುಂದೆ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಪಿಎಚ್‌.ಡಿ. ಆಗಲೇ ಇಲ್ಲ. ಅವರು ಮಾತ್ರ ಎಲ್ಲಿ ಸಿಕ್ಕರೂ, "ಬೇರೆ ಒಂದು ಹವಳ ಸಿಕ್ಕಿದ್ದುಂಟು, ನೋಡ್ಲಿಕ್ಕೆ ಬರ್ತೀಯಾ?" ಎಂದು ಏನೂ ಆಗದವರ ಹಾಗೆ ಕೇಳುತ್ತಿದ್ದರು.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಒಮ್ಮೆ ಎದುರು ಕೂರಿಸಿಕೊಂಡು ಸರಿಯಾಗಿ ಜಗಳವಾಡಬೇಕೆಂದು ಮಾತು ಜೋಡಿಸಿಟ್ಟಿದ್ದೆ. ಅದರಲ್ಲಿ ಒಂದನ್ನೂ ಮರೆತಿಲ್ಲ. ಕೇಳಿಸಿಕೊಳ್ಳಲು ಅವರೇ ಇಲ್ಲ.